ಪ್ರತಿಕ್ರಿಯೆ: ಇನ್‌ಸ್ಪೆಕ್ಟರ್ ಬಾರದೆಯೇ ಸಿಕ್ಕ ಪೂರ್ಣತಾ ಪತ್ರ, ಕಂಬದಲ್ಲಿ ಬಿರುಕು (ಮಡಿಕೇರಿ)

ಇನ್‌ಸ್ಪೆಕ್ಟರ್ ಬಾರದೆಯೇ ಮನೆಗೆ ಪೂರ್ಣತಾ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪತ್ರ) ಸಿಕ್ಕಿತು, ಈಗ ಕಂಬದಲ್ಲಿ ಬಿರುಕು ಕಂಡಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸ್ಥಳಕ್ಕೆ ಯಾರೂ ಬರದೆ ಪತ್ರ ಸಿಕ್ಕಿದೆ ಎಂದರೆ, ನಕ್ಷೆಗೆ ಸಹಿ ಹಾಕಿದವರ ದೃಢೀಕರಣವನ್ನೇ ಪರಿಶೀಲನೆ ಎಂದು ಒಪ್ಪಿಕೊಂಡಿರುವ ಸಾಧ್ಯತೆ ಹೆಚ್ಚು.

ಮೊದಲು ಆ ಸಹಿಯ ಅರ್ಹತೆ ನೋಡಿ. ಆರ್ಕಿಟೆಕ್ಟ್ ಆದರೆ 'ಸಿಎ' ಎಂದು ಶುರುವಾಗುವ ನೋಂದಣಿ ಸಂಖ್ಯೆಯನ್ನು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಜಾಲತಾಣದಲ್ಲಿ ಹುಡುಕಬಹುದು. ಎಂಜಿನಿಯರ್ ಆದರೆ ಪದವಿಯೊಂದೇ ಸಾಲದು. ಸಹಿ ಹಾಕಿದ ದಿನ ಪರವಾನಗಿ ಚಾಲ್ತಿಯಲ್ಲಿತ್ತೇ ಎಂದು ನಗರಸಭೆಯಲ್ಲಿ ಕೇಳಿ.

ಬಾಯಿಮಾತಿನ ಉತ್ತರ ನಂಬಬೇಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಜತೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಸ್ಥಳ ಪರಿಶೀಲನೆಯ ದಿನಾಂಕ, ಟಿಪ್ಪಣಿ ಹಾಳೆ, ಬಂದ ಅಧಿಕಾರಿಯ ಹುದ್ದೆ, ರಚನಾ ಸ್ಥಿರತೆಯ ಪ್ರಮಾಣಪತ್ರ. ಒಂದೇ ವಿಷಯ, 150 ಪದದೊಳಗೆ ಇರಲಿ. ಕರ್ನಾಟಕದ ನಿಯಮ ಹಾಗಿದೆ, ಉದ್ದವಾದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಬಿರುಕು ಬರೀ ಗಾರೆಯದ್ದೋ ಕಾಂಕ್ರೀಟಿನದ್ದೋ ಫೋಟೋ ನೋಡಿ ಹೇಳಲಾಗದು. ಅಂಗೈಯಗಲ ಗಾರೆ ಕೆತ್ತಿಸಿ ನೋಡಿ. ಒಳಗೂ ಮುಂದುವರಿದಿದ್ದರೆ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಗುರುತಿಸಿದ ಜಾಗದಲ್ಲಷ್ಟೇ ಕೋರ್ (ಬಲ ಪರೀಕ್ಷೆಗೆ ಕೊರೆದು ತೆಗೆಯುವ ಕಾಂಕ್ರೀಟಿನ ಉರುಳೆ) ತೆಗೆಸಿ, ಕಂಡಕಂಡಲ್ಲಿ ಕೊರೆದರೆ ಕಂಬಿ ತುಂಡಾಗುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಂತೆ ಕನಿಷ್ಠ 3 ಕೋರ್ ಬೇಕು. ಕೋರ್‌ಗಳ ಸರಾಸರಿ ಬಲ ನಿಗದಿತ ಕ್ಯೂಬ್ ಬಲದ (ಕಾಂಕ್ರೀಟಿನ ಘನಾಕೃತಿ ತುಂಡು ತಾಳಬೇಕಾದ ಒತ್ತಡ) ಕನಿಷ್ಠ ಶೇ. 85 ಇರಬೇಕು, ಯಾವುದೊಂದೂ ಶೇ. 75ಕ್ಕಿಂತ ಕಡಿಮೆ ಇರಬಾರದು. ಅಂದರೆ ಎಂ20 ದರ್ಜೆಯ (ಕ್ಯೂಬ್ ಬಲ ಚದರ ಮಿ.ಮೀ.ಗೆ 20 ನ್ಯೂಟನ್) ಕಾಂಕ್ರೀಟಿಗೆ ಸರಾಸರಿ 17 ನ್ಯೂಟನ್.

ಮನೆ ಬರೆ (ಗುಡ್ಡದ ಇಳಿಜಾರು) ಕಡಿದ ಜಾಗದಲ್ಲಿದ್ದರೆ ಇದೆಲ್ಲ ಮುಗಿಯುವವರೆಗೆ ಕಾಯಬೇಡಿ. 2018ರ ಆಗಸ್ಟ್‌ನ ಭೂಕುಸಿತ ನಮ್ಮ ಕೊಡಗು ಜಿಲ್ಲೆಗೆ ಕಲಿಸಿದ್ದು ಸಾಕು. ತಡೆಗೋಡೆಯ ನೀರುಗಂಡಿ (ಹಿಂದಿನ ಮಣ್ಣಿನ ನೀರು ಹೊರಹೋಗುವ ತೂತು) ಕಟ್ಟಿಕೊಂಡಿದ್ದರೆ ಮುಂಗಾರಿಗೆ ಮುನ್ನ ಬಿಡಿಸಿ.

ವರದಿ ಮತ್ತು ಕಡತದ ಪ್ರತಿ ಸೇರಿಸಿ ಪೌರಾಯುಕ್ತರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಗದ ಪರಿಶೀಲನೆಯನ್ನು ಆದಂತೆ ಬರೆದಿದ್ದರೆ ಅಫಿಡವಿಟ್‌ನೊಂದಿಗೆ (ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ) ಲೋಕಾಯುಕ್ತಕ್ಕೂ ದೂರು ಕೊಡಬಹುದು.