ಮೇಲಿನ ಮನೆಯ ಪ್ರಾರ್ಥನೆ

"ನನಗೆ ಮನಶ್ಶಾಂತಿ ಬೇಕು ಮೇಡಂ, ಅಷ್ಟೇ" ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬಂದವರು ಇವರು. ವಯಸ್ಸು ಐವತ್ತು ದಾಟಿದೆ, ಕಚೇರಿ ಕೆಲಸ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರದು ಯಾವ ಧರ್ಮ, ಮೇಲಿನ ಮನೆಯವರದು ಯಾವುದು ಅನ್ನೋದನ್ನು ಬೇಕಂತಲೇ ಬಿಟ್ಟಿದ್ದೇನೆ. ಓದುತ್ತಾ ನೀವೇ ತುಂಬಿಕೊಂಡರೆ, ಏನು ತುಂಬಿಕೊಂಡಿರಿ ಅಂತ ಒಮ್ಮೆ ನೋಡಿಕೊಳ್ಳಿ.

ಬೆಳಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಧ್ಯಾನಕ್ಕೆ ಕೂರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಮೇಲಿನ ಮನೆಯ ಹಿರಿಯರ ಪ್ರಾರ್ಥನೆ ಶುರು. "ಅವರು ಬಾಯಿ ತೆರೆದರೆ ಸಾಕು, ನನ್ನ ಕೈ ಬಿಗಿಯುತ್ತೆ" ಅಂದರು. ಹೇಳುವಾಗಲೂ ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡಿತ್ತು. ಒಂದು ದಿನ ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟಿದ್ದೂ ಇದೆ. "ನೀವು ಧ್ಯಾನ ಮಾಡದ ದಿನವೇ ಮನೆಯಲ್ಲಿ ನೆಮ್ಮದಿ" ಅಂತ ಹೆಂಡತಿ ಅಂದಿದ್ದರಂತೆ. ಆ ಮಾತೇ ಅವರನ್ನು ನನ್ನ ಹತ್ತಿರ ಕಳಿಸಿದ್ದು.

ಮೊದಲ ಸಲ ನಾನು ಉಸಿರಾಟ ಹೇಳಿಕೊಟ್ಟೆ. ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ. ಹೀಗೆ ನಿಮಿಷಕ್ಕೆ ಆರು ಉಸಿರಾಗುತ್ತೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತೆ, ಅದಕ್ಕೇ ಹೊರಗೆ ಬಿಡೋದು ಜಾಸ್ತಿ. ಒಳ್ಳೆಯ ಅಭ್ಯಾಸವೇ, ಆದರೆ ಇವರ ವಿಷಯದಲ್ಲಿ ನಾನು ಅವಸರ ಮಾಡಿದೆ. ಮುಂದಿನ ವಾರ ಬಂದು, "ಎಣಿಸ್ತಾ ಎಣಿಸ್ತಾ ಅವರು ಯಾವಾಗ ಶುರು ಮಾಡ್ತಾರೆ ಅಂತಲೇ ಕಾಯ್ತಿದ್ದೆ" ಅಂದರು. ಜಗಳಕ್ಕೆ ಕಾದು ಕೂತವರಿಗೆ ಉಸಿರು ಏನು ಮಾಡೀತು?

ಹಾಗಾಗಿ ನೋಟ್‌ಬುಕ್ ಕೊಟ್ಟೆ. ಘಟನೆಗೂ ಸಿಟ್ಟಿಗೂ ನಡುವೆ ಒಂದು ಯೋಚನೆ ನುಸುಳಿರುತ್ತೆ, ಅದನ್ನು ಹಿಡಿಯಬೇಕು. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಕಾಗ್ನಿಟಿವ್ ಥೆರಪಿಯ, ಅಂದರೆ ಯೋಚನೆಯನ್ನು ತಿದ್ದುವ ಚಿಕಿತ್ಸೆಯ ತಿರುಳು ಇದೇ. ಎಡಕ್ಕೆ ಕಿವಿಗೆ ಬಿದ್ದದ್ದು, ಬಲಕ್ಕೆ ಮನಸ್ಸು ಸೇರಿಸಿದ್ದು.

ಎಡಕ್ಕೆ ಬರೆದಿದ್ದರು: "5.10. ಗಂಡಸಿನ ದನಿ. ಏಳು ನಿಮಿಷ." ಬಲಕ್ಕೆ: "ಬೇಕಂತಲೇ ಮಾಡ್ತಾರೆ. ಇವರೆಲ್ಲ ಹೀಗೇ. ನಾಳೆ ನಮಗೆ ಉಸಿರಾಡೋಕೂ ಬಿಡಲ್ಲ."

"ಇವರೆಲ್ಲ ಅಂದರೆ ಎಷ್ಟು ಜನ? ನಿಮಗೆ ಗೊತ್ತಿರೋರು?" ಅಂತ ಕೇಳಿದೆ. ತುಂಬ ಹೊತ್ತು ಯೋಚಿಸಿದರು. ಮೇಲಿನ ಮನೆಯವರ ಹೆಸರೂ ಗೊತ್ತಿರಲಿಲ್ಲ. ಹಾಗಾದರೆ ಬಲಗಡೆ ಇರೋದೆಲ್ಲ ಎಲ್ಲಿಂದ ಬಂತು? ಮಲಗುವ ಮುಂಚೆ ಒಂದು ಗಂಟೆ ವಾಟ್ಸಾಪ್ ಗುಂಪಿನ ವಿಡಿಯೋ ನೋಡುತ್ತಿದ್ದರು. ರಾತ್ರಿ ನೋಡಿದ ಸಾಲುಗಳೇ ಬೆಳಗ್ಗೆ ಅವರ ಕೈಬರಹದಲ್ಲಿದ್ದವು.

ನೋಟ್‌ಬುಕ್ಕಿನಲ್ಲಿ ಇನ್ನೆರಡು ಸಾಲು ನನ್ನ ಕಣ್ಣಿಗೆ ಬಿದ್ದವು. ಒಂದು: "ಕುರ್ಚಿ ಎಳೆದರು. ಎಚ್ಚರವಾಯ್ತು." ನಿದ್ದೆ ಕೆಡಿಸುತ್ತಿದ್ದದ್ದು ಕುರ್ಚಿ! ಇನ್ನೊಂದನ್ನು ಬರೆದು ಗೀಚಿ ಹಾಕಿದ್ದರು. ಆದರೂ ಓದಬಹುದಿತ್ತು: "ಅಪ್ಪನೂ ಹೀಗೇ ಜೋರಾಗಿ." ತಂದೆ ತೀರಿಕೊಂಡು ವರ್ಷವಾಗಿರಲಿಲ್ಲ. ನಾನು ಕೇಳಲಿಲ್ಲ. ಗೀಚಿದ್ದನ್ನು ಕೆದಕುವ ಹೊತ್ತು ಅದಾಗಿರಲಿಲ್ಲ.

ಕೊಟ್ಟ ಸಲಹೆ ಇಷ್ಟು. ಸದ್ದಿನ ಬಗ್ಗೆ ಮಾತಾಡುವುದಾದರೆ ಕುರ್ಚಿಯ ಬಗ್ಗೆ ಮಾತಾಡಿ, ಅದೂ ಸಿಟ್ಟಿಲ್ಲದ ಹೊತ್ತಿನಲ್ಲಿ, ಸಂಜೆ ಹೋಗಿ. "ನಿಮ್ಮ ಪ್ರಾರ್ಥನೆ ಜೋರಾಯ್ತು" ಅಂದರೆ ಕೇಳುವವರಿಗೆ "ನಿಮ್ಮ ದೇವರು ಜಾಸ್ತಿಯಾದ" ಅಂತ ಕೇಳಿಸುತ್ತೆ. ಕುರ್ಚಿಗೆ ಧರ್ಮ ಇಲ್ಲ. ವಾಟ್ಸಾಪ್ ಗುಂಪು ಬಿಡಲು ಒಪ್ಪಲಿಲ್ಲ, ನೆಂಟರೆಲ್ಲ ಅದರಲ್ಲೇ ಇದ್ದಾರೆ. ಸರಿ, ರಾತ್ರಿ ಒಂಬತ್ತಾದ ಮೇಲೆ ಫೋನು ಬೇರೆ ಕೋಣೆಯಲ್ಲಿ ಇರಲಿ ಅಂದೆ.

"ಹೋಗಿ ಸ್ನೇಹ ಮಾಡಿಕೊಳ್ಳಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಸುಮ್ನೆ ಎದುರುಬದುರು ಕೂತರೆ ಮುಜುಗರ ಬೆಳೆಯುವುದೂ ಉಂಟು. ಬೇರೆ ಬೇರೆ ಗುಂಪಿನವರ ಒಡನಾಟ ಯಾವಾಗ ಫಲಿಸುತ್ತೆ ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದಾರೆ: ಇಬ್ಬರೂ ಸರಿಸಮ ಇರಬೇಕು, ಗುರಿ ಒಂದೇ ಇರಬೇಕು, ಕೂಡಿ ಕೆಲಸ ಮಾಡಬೇಕು, ಅಧಿಕಾರದಲ್ಲಿರುವವರ ಒಪ್ಪಿಗೆಯೂ ಬೇಕು. ಇವರ ಕಟ್ಟಡದಲ್ಲಿ ಲಿಫ್ಟ್ ಆರು ವಾರದಿಂದ ಕೆಟ್ಟಿತ್ತು. ಹತ್ತಿ ಇಳಿದು ಇಬ್ಬರ ಮಂಡಿಯೂ ನೋಯುತ್ತಿತ್ತು. ಇದಕ್ಕಿಂತ ಒಳ್ಳೆಯ ನೆಪ ಬೇಕಾ?

ಹೊರಡುವ ಮುಂಚೆ ಅವರೊಂದು ಮಾತು ಕೇಳಿದರು. "ಇದನ್ನೆಲ್ಲ ಒಪ್ಪಿಕೊಂಡರೆ ನನ್ನ ನಂಬಿಕೆ ಸಡಿಲ ಆದ ಹಾಗೆ ಅಲ್ವಾ?" ಈ ಭಯ ತುಂಬ ಜನರಿಗಿದೆ, ಬಾಯಿಬಿಟ್ಟು ಹೇಳುವವರು ಕಮ್ಮಿ. ಅವರ ದೇವರನ್ನು ನೀವು ನಂಬಬೇಕಿಲ್ಲ, ಅವರು ಹೇಳೋದೇ ಸರಿ ಅನ್ನಬೇಕಿಲ್ಲ, ಅವರ ಪಾಡಿಗೆ ಅವರು ಪ್ರಾರ್ಥಿಸಬಹುದು ಅಂತ ಒಪ್ಪಿದರೆ ಸಾಕು ಅಂದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಕೇಳೋದೂ ಹೆಚ್ಚುಕಮ್ಮಿ ಇಷ್ಟನ್ನೇ. ಹಾಗಂತ ಏನೇ ಸದ್ದಾದರೂ ಹಲ್ಲು ಕಚ್ಚಿಕೊಂಡಿರಿ ಅಂತಲೂ ಅಲ್ಲ. ದೂರಬೇಕು ಅನ್ನಿಸಿದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ಅದೇ ಹೊತ್ತಿಗೆ, ಅಷ್ಟೇ ಜೋರಾಗಿ ನಿಮ್ಮ ಧರ್ಮದವರೇ ಪ್ರಾರ್ಥಿಸಿದ್ದರೆ?

ನಕ್ಕರು. "ಮನಸ್ಸಲ್ಲೇ ಬೈಕೊಂಡು ಸುಮ್ನಿರ್ತಿದ್ದೆ."

ಐದನೇ ಸಲ ಬಂದಾಗ ಲಿಫ್ಟ್ ಇನ್ನೂ ರಿಪೇರಿಯಾಗಿರಲಿಲ್ಲ. ಕಂಪನಿಗೆ ಬರೆದ ಪತ್ರಕ್ಕೆ ಇಬ್ಬರ ಸಹಿಯೂ ಬಿದ್ದಿತ್ತು. ಕುರ್ಚಿಯ ಕಾಲಿಗೆ ರಬ್ಬರ್ ಬಂದಿತ್ತು. ಪ್ರಾರ್ಥನೆ ಮೊದಲಿನಷ್ಟೇ ಜೋರು. ರಜೆಯ ದಿನ ಈಗಲೂ ರೇಗುತ್ತಂತೆ. ನೋಟ್‌ಬುಕ್ ಮೇಜಿನ ಮೇಲಿಟ್ಟು ಆ ಗೀಚಿದ ಸಾಲಿರುವ ಪುಟ ತೆರೆದರು. "ಮುಂದಿನ ಸಲ ಇದರ ಬಗ್ಗೆ ಮಾತಾಡೋಣ್ವಾ ಮೇಡಂ?" ಅಂದರು. ಅದಕ್ಕೆ ಒಂದು ಗಂಟೆ ಸಾಲದು ಅನ್ನಿಸಿ, ಎರಡು ಗಂಟೆ ಬಿಡುವಿಟ್ಟುಕೊಂಡಿದ್ದೇನೆ.