ಚಿತ್ರ ಬರೆಯುವವರಿಗೆ ಹೊಸ ಐಡಿಯಾ ಎಲ್ಲಿಂದ ಸಿಗುತ್ತದೆ?

ಹಾಳೆ ಮುಂದೆ ಕೂತರೆ ಏನೂ ಹೊಳೆಯುವುದಿಲ್ಲ, ಕಲಾವಿದರು ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ನೀವು ಶಿವಮೊಗ್ಗದವರೇ ಆದ್ದರಿಂದ ಸಾಗರದ ಕಡೆಯ ದೀವರ ಸಮುದಾಯದ ಮನೆಗಳಿಂದಲೇ ಶುರು ಮಾಡುತ್ತೇನೆ.

ಅಲ್ಲಿನ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಬರೆಯುವುದೇನು? ಭತ್ತದ ತೆನೆ, ಹಕ್ಕಿ, ಮದುವೆಯ ಹೆಣ್ಣು-ಗಂಡು. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಬಣ್ಣ, ಕುಂಚ, ವಿಷಯ ಎಲ್ಲವೂ ಹಿತ್ತಲು-ಗದ್ದೆಯಿಂದಲೇ ಬಂದವು, ಅಲ್ವಾ? ನನಗೆ ಇದಕ್ಕಿಂತ ಒಳ್ಳೆಯ ಪಾಠ ಗೊತ್ತಿಲ್ಲ.

ಹಳೆಯ ಕೆಲಸವನ್ನೂ ನೋಡಿ. ಕೆಳದಿಯ ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡ ಇದೆ. ಫೋಟೊ ತೆಗೆದು ಬರಬೇಡಿ, ಕೂತು ಬರೆಯಿರಿ. ಕೈ ನಿಧಾನ ಆದಾಗ ಕಣ್ಣಿಗೆ ಜಾಸ್ತಿ ಕಾಣುತ್ತದೆ.

ಫೋನಿನಲ್ಲಿ ಬೇರೆಯವರ ಚಿತ್ರ ನೋಡುವುದು ತಪ್ಪಲ್ಲ. ಆದರೆ ಬರೆಯುವ ಮುಂಚೆ ಬೇಡ, ಕೈ ಅವರ ಗೆರೆಯನ್ನೇ ಎಳೆಯುತ್ತದೆ. ಅದರ ಬದಲು ಮಳೆ ನಿಂತ ಮೇಲೆ ತೋಟಕ್ಕೆ ಹೋಗಿ. ಅಡಿಕೆ ಮರದ ಪಾಚಿಯಲ್ಲಿ ಎಷ್ಟು ಥರ ಹಸಿರು ಇದೆ ಅಂತ ಸುಮ್ನೆ ಎಣಿಸಿ, ಅಷ್ಟನ್ನೂ ಬಣ್ಣದಲ್ಲಿ ಕಲಸಲು ನೋಡಿ.