ಟೀಚರಮ್ಮನನ್ನು ಕೇಳಿ: ಮಕ್ಕಳ ಕೈಗೆ ಅವರೆಕಾಳು ಕೊಡಬಹುದಾ?

ಪ್ರಶ್ನೆ: ಟೀಚರಮ್ಮ, ನಮ್ಮ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದೇನೆ. ಮೂರರಿಂದ ಐದು ವರ್ಷದ 14 ಮಕ್ಕಳಿದ್ದಾರೆ. ಡಬ್ಬಿ ತೆರೆದರೆ ಬಿಸ್ಕತ್ತು, ಚಿಪ್ಸು, ಆರಿಹೋದ ನೂಡಲ್ಸು. ವಾರಕ್ಕೊಂದು ದಿನ ಮಕ್ಕಳ ಕೈಯಲ್ಲೇ ಏನಾದರೂ ಮಾಡಿಸಿ, ಎಲ್ಲರೂ ಒಟ್ಟಿಗೆ ಕೂತು ತಿನ್ನಬೇಕು ಅಂತ ಆಸೆ. ಒಬ್ಬ ತಾಯಿ 'ಫೀಸು ಕಟ್ಟೋದು ಕೆಲಸ ಮಾಡಿಸೋಕಾ?' ಅಂದರು. ಕೈ ಕುಯ್ದುಕೊಂಡರೆ ಅಂತ ನನಗೂ ಭಯ. ಶುರು ಮಾಡಲಾ, ಬಿಡಲಾ?
– ಹೆಸರು ಬೇಡ, ತುಮಕೂರು

ಉತ್ತರ: ಮಾಡಿ ತಾಯಿ. ಚಾಕು, ಒಲೆ ಎರಡನ್ನೂ ಬಿಟ್ಟು ಶುರು ಮಾಡಿ. ಅವೆರಡು ಇಲ್ಲದೆಯೇ ಅಡುಗೆಯಲ್ಲಿ ಬೇಕಾದಷ್ಟು ಕೆಲಸ ಇದೆ.

ನಾನು ತಿ. ನರಸೀಪುರ ತಾಲ್ಲೂಕಿನಲ್ಲಿ ಅಂಗನವಾಡಿ ನಡೆಸಿದವಳು. 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಈ ಯೋಜನೆ ಮೊದಲು ಕಾಲಿಟ್ಟದ್ದು ನಮ್ಮ ತಾಲ್ಲೂಕಿಗೇ. ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಅಂತ ಆಗ ಸರ್ಕಾರದ ಲೆಕ್ಕ ಇತ್ತು. ನಮ್ಮಲ್ಲಿ ಆ ಲೆಕ್ಕ ಪಾತ್ರೆಯಲ್ಲೇ ಉಳಿದುಬಿಡುತ್ತಿತ್ತು. ಮಕ್ಕಳು ತರಕಾರಿ ಆರಿಸಿ ತಟ್ಟೆಯ ಅಂಚಿಗೆ ಇಡೋರು.

ಒಂದು ಅವರೆಕಾಯಿ ಕಾಲದಲ್ಲಿ ಯಾರೋ ಹೊಲದಿಂದ ಅರ್ಧ ಚೀಲ ಕಾಯಿ ತಂದುಕೊಟ್ಟರು. ಸಹಾಯಕಿಗೆ ಒಬ್ಬಳಿಗೇ ಆಗದ ಕೆಲಸ. ಸುಮ್ನೆ ಮಕ್ಕಳ ಮುಂದೆ ಸುರಿದೆ. ಬಿಡಿಸಿದರು. ಮಾರನೇ ದಿನ ಶುಕ್ರವಾರ, ರಾತ್ರಿ ನೆನೆಸಿಟ್ಟ ಕಾಳನ್ನು ಹಿತಕಲು ಕೊಟ್ಟೆ. ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಕ್ಕದವನ ಮೂಗಿಗೆ ಬಡಿಯುತ್ತೆ. ಇದಕ್ಕಿಂತ ಒಳ್ಳೆ ಆಟ ಉಂಟಾ? ಸಾರಿನ ಪಾತ್ರೆ ಅವತ್ತು ಖಾಲಿ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ಒಬ್ಬ ಹುಡುಗನ ಅಜ್ಜಿ ದಿನಾ ಊಟದ ಹೊತ್ತಿಗೆ ಸರಿಯಾಗಿ ಬಂದು ಅವನನ್ನು ಮನೆಗೆ ಕರೆದೊಯ್ಯುತ್ತಿದ್ದರು. ಕಾರಣ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಡುಗೆ ಮಾಡುವ ಸಹಾಯಕಿ ಯಾವ ಕೇರಿಯವಳು ಅಂತ ಊರಿಗೆಲ್ಲ ಗೊತ್ತಿತ್ತು. ಅವತ್ತು ಬೇಳೆ ಹಿತಕಿದ ಹುಡುಗ ಏಳಲೇ ಇಲ್ಲ. 'ನಾನ್ ಮಾಡಿದ್ ಸಾರು, ನಾನೇ ಉಣ್ಬೇಕು' ಅಂತ ಹಟ. ಅಜ್ಜಿ ಹೊಸಿಲಾಚೆ ನಿಂತು ಕಾದರು. ಶನಿವಾರ ಮತ್ತೆ ಬಂದು ಕರೆದುಕೊಂಡು ಹೋದರು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಾವು ಪ್ರತಿ ಶುಕ್ರವಾರ ಮಕ್ಕಳ ಕೈಗೆ ಕೆಲಸ ಕೊಡತೊಡಗಿದೆವು. ಆ ದಿನ ಮಾತ್ರ ಅಜ್ಜಿ ಬರುವುದನ್ನು ಬಿಟ್ಟರು.

ಈಗ ನಿಮ್ಮ ಭಯದ ವಿಷಯ. ಮೂರು ವರ್ಷದವರಿಗೆ ಕರಿಬೇವು ಬಿಡಿಸುವುದು, ಕೊತ್ತಂಬರಿ ಹರಿಯುವುದು, ಬೋಗುಣಿಯಲ್ಲಿ ಸೌತೆಕಾಯಿ ತೊಳೆಯುವುದು. ದೊಡ್ಡವರಿಗೆ ಬಾಳೆಹಣ್ಣನ್ನು ಚಮಚದ ಅಂಚಿನಿಂದ ಕತ್ತರಿಸುವುದು, ನಿಂಬೆಹಣ್ಣು ಹಿಂಡುವುದು. ಮೊದಲು ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ನನಗೆ ಚಾಕುವಿಗಿಂತ ಕಾಳಿನ ಭಯ ಜಾಸ್ತಿ. ಒಬ್ಬ ಹುಡುಗಿ ಅವರೆಕಾಳನ್ನು ಮೂಗಿಗೆ ತುರುಕಿಕೊಂಡಳು. ಪಿನ್ನು, ಕಡ್ಡಿ ಹಾಕಿ ಕೆದಕಲು ಹೋಗಲಿಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಅಂದಿನಿಂದ ಕಾಳು ಕೊಟ್ಟಾಗ ಎದ್ದು ಹೋಗಿದ್ದೇ ಇಲ್ಲ. ಹಸಿ ಅವರೆಕಾಳು ಬಾಯಿಗೂ ಹೋಗಬಾರದು. ಇಡೀ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಪುಡಿ ಮಾಡಿ ಹಾಕಿ. ಯಾವ ಮಗುವಿಗೆ ಯಾವುದು ಆಗಲ್ಲ ಅಂತ ತಾಯಂದಿರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬಡಿಸುವುದೂ ಮಕ್ಕಳದೇ ಇರಲಿ. ದಿನಕ್ಕೆ ಇಬ್ಬರು, ಕೈಯಲ್ಲಿ ಸಣ್ಣ ಸೌಟು. 'ಬೇಕಾ? ಸಾಕಾ?' ಕೇಳಿ ಬಡಿಸಲಿ. ಚೆಲ್ಲುತ್ತಾರೆ, ಒರೆಸುವ ಬಟ್ಟೆ ಅವರ ಕೈಗೇ ಕೊಡಿ. ಬೇಡ ಅಂದ ಮಗುವಿಗೆ ಒತ್ತಾಯ ಬೇಡ. ಪಕ್ಕದವರು ತಿನ್ನುವುದನ್ನು ಅದು ನೋಡುತ್ತಾ ಕೂತಿರಲಿ.

ಫೀಸು ಕೇಳಿದ ಆ ತಾಯಿಗೆ ವಾದ ಮಾಡಬೇಡಿ. ಒಂದು ದಿನ ಬಂದು ಕೂರಲು ಹೇಳಿ, ತೆಂಗಿನಕಾಯಿ ತುರಿಯಲು ನಿಮಗೂ ಒಂದು ಕೈ ಬೇಕಲ್ವಾ?

ಮೊದಲ ದಿನಕ್ಕೆ ಕೋಸಂಬರಿ ಸಾಕು. ಕಾಲು ಕೆಜಿ ಹೆಸರುಬೇಳೆ, ಒಂದು ಗಂಟೆ ನೆನೆಸಿದ್ದು. ಮೂರು ಸೌತೆಕಾಯಿ, ಅರ್ಧ ಹೋಳು ಕಾಯಿತುರಿ, ಒಂದು ನಿಂಬೆಹಣ್ಣು. ಸೌತೆಕಾಯಿ ನೀವು ಹೆಚ್ಚಿ, ಒಗ್ಗರಣೆ ಒಳಗಿನಿಂದ ಮಾಡಿ ತನ್ನಿ. ಉಪ್ಪನ್ನು ಕೊನೆಯಲ್ಲಿ, ನೀವೇ ಹಾಕಿ. ನಾನು ಒಂದು ಶುಕ್ರವಾರ ಉಪ್ಪಿನ ಡಬ್ಬಿ ಮಕ್ಕಳ ಕೈಗೆ ಕೊಟ್ಟಿದ್ದೆ. ಅವತ್ತಿನ ಕೋಸಂಬರಿಯನ್ನು ಎದುರು ಮನೆಯ ಎಮ್ಮೆಯೂ ಮೂಸಿ ನೋಡಲಿಲ್ಲ.